ಜಪಾನಿನ ಕರೇ, ಅಮ್ಮನ ಸಾಗು

ಯೋಕೋಹಾಮಾಗೆ ಹೋಗಿ ಆರು ದಿನ ಆಗಿತ್ತು. ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ಕ್ಯಾಂಟೀನಿನ ಕಡೆಯಿಂದ ಅರಿಶಿನ, ಜೀರಿಗೆ, ಮೆಂತ್ಯದ ಘಮ ಬಂತು. ಅಷ್ಟೂ ದಿನ ಬ್ರೆಡ್ಡು, ಬಾಳೆಹಣ್ಣು, ಊರಿಂದ ಹೊತ್ತೊಯ್ದ ಚಟ್ನಿಪುಡಿಯಲ್ಲೇ ದಿನ ದೂಡಿದ್ದೆ. ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಪಕ್ಕದ ಸೀಟಿನ ತನಾಕಾ ಸಾನ್ (ನಿಜ ಹೆಸರು ಬೇಡ, ಹೀಗೇ ಕರೆಯೋಣ) ನನ್ನ ಮುಖ ನೋಡಿ ನಕ್ಕರು.

"ಇವತ್ತು ಕರೇ ರೈಸು. ನಿಮ್ಮೂರಿನ ಊಟ."

ನಮ್ಮೂರು ಅರಸೀಕೆರೆ. ಅಲ್ಲಿ ಹುಳಿ ಇದೆ, ಸಾರಿದೆ, ಗೊಜ್ಜಿದೆ, ಪಲ್ಯ, ಸಾಗು, ಬಸ್ಸಾರು, ಮಸ್ಸೊಪ್ಪು ಎಲ್ಲ ಇದೆ. 'ಕರಿ' ಅನ್ನೋ ಅಡುಗೆ ಮಾತ್ರ ಇಲ್ಲ. ಕರಿ ಅಂದರೆ ನಮಗೆ ಬಣ್ಣ. ಇಲ್ಲಾಂದ್ರೆ ಎಣ್ಣೆಗೆ ಬಿಟ್ಟು ಕರಿಯೋದು. ಜಾಸ್ತಿ ಅಂದರೆ ಕರಿಬೇವು. ಇದನ್ನೆಲ್ಲ ಹರಕು ಜಪಾನಿಯಲ್ಲಿ ಹೇಳೋಕೆ ಆಗದೆ ಸುಮ್ನೆ ತಟ್ಟೆ ಹಿಡಿದು ನಿಂತೆ.

ತಟ್ಟೆಯಲ್ಲಿ ಅರ್ಧ ಬಿಳಿ ಅನ್ನ, ಅರ್ಧ ಕಂದು ಬಣ್ಣದ ಮಂದ ಗೊಜ್ಜು. ನಡುವೆ ಗದ್ದೆಗೆ ಬದು ಹಾಕಿದ ಹಾಗೆ ನೇರವಾದ ಗೆರೆ. ಗೊಜ್ಜಿನಲ್ಲಿ ಆಲೂಗಡ್ಡೆ, ಕ್ಯಾರೆಟ್ಟು, ಈರುಳ್ಳಿ. ಪಕ್ಕದಲ್ಲಿ ಕೆಂಪಗೆ ಒಂದಿಷ್ಟು ಉಪ್ಪಿನಕಾಯಿ. ನಾನು ಚಮಚದಲ್ಲೇ ಎಲ್ಲವನ್ನೂ ಚೆನ್ನಾಗಿ ಕಲಸಿಬಿಟ್ಟೆ. ತನಾಕಾ ಸಾನ್ ಮರ್ಯಾದೆಯಿಂದ ಬೇರೆ ಕಡೆ ನೋಡಿದರು. ಅಲ್ಲಿ ಹೆಚ್ಚಿನವರು ಹಾಗೆ ಕಲಸುವುದಿಲ್ಲ. ಗೆರೆಯ ಹತ್ತಿರ ಚಮಚ ಇಳಿಸಿ, ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಎತ್ತಿ ತಿನ್ನುತ್ತಾರೆ. ನಾಲಿಗೆಗೆ ಮೊದಲು ಸಿಕ್ಕಿದ್ದು ಸಿಹಿ. ಆಮೇಲೆ ಮಸಾಲೆ. ಖಾರ ಬರುತ್ತೆ ಬರುತ್ತೆ ಅಂತ ಕಾದೆ. ಬರಲಿಲ್ಲ. ಆದರೂ ಬಿಸಿ ಅನ್ನ, ಬಿಸಿ ಗೊಜ್ಜು. ತಟ್ಟೆ ಖಾಲಿ ಮಾಡಿದೆ.

ನಾನು ಸಸ್ಯಾಹಾರಿ. ಕ್ಯಾಂಟೀನಿನವರಿಗೆ "ಮಾಂಸ ಬೇಡ" ಅಂತ ಹೇಳಿದ್ದೆ. ಅವರೂ ತಲೆಯಾಡಿಸಿ, ತುಂಡುಗಳನ್ನು ಬದಿಗೆ ಸರಿಸಿ, ಬರೀ ಗೊಜ್ಜು ಬಡಿಸುತ್ತಿದ್ದರು. ಮಾಂಸದ ತುಂಡು ಬೇಡ ಅನ್ನೋದಕ್ಕೂ ಅದೇ ಪಾತ್ರೆಯಲ್ಲಿ ಬೆಂದ ಗೊಜ್ಜು ಬೇಡ ಅನ್ನೋದಕ್ಕೂ ಇರುವ ವ್ಯತ್ಯಾಸ ನನಗೆ ಹೇಳೋಕೆ ಬರಲಿಲ್ಲ, ಅವರಿಗೆ ಹೊಳೆಯಲಿಲ್ಲ. ಅವರದು ತಪ್ಪು ಅಂತ ಹೇಳಲ್ಲ. ಆರು ಶುಕ್ರವಾರ ಹೀಗೇ ನಡೆಯಿತು. ಏಳನೇ ವಾರ ಮನೆಯಲ್ಲೇ ಮಾಡೋಣ ಅಂತ ಅಂಗಡಿಯಲ್ಲಿ ಕರೇ ಗಟ್ಟಿ ತೆಗೆದುಕೊಂಡೆ. ಚಾಕಲೇಟ್ ಹಲಗೆ ತರಹ ಇರುತ್ತೆ, ಮುರಿದು ನೀರಿಗೆ ಹಾಕಿದರೆ ಗೊಜ್ಜು ರೆಡಿ. ಡಬ್ಬದ ಹಿಂದಿನ ಅಕ್ಷರಗಳ ಮೇಲೆ ಮೊಬೈಲ್ ಹಿಡಿದೆ. ಗೋಧಿಹಿಟ್ಟು, ದನದ ಕೊಬ್ಬು, ಹಂದಿ ಕೊಬ್ಬು.

ಡಬ್ಬ ವಾಪಸ್ ಇಟ್ಟು ಮನೆಗೆ ಬಂದೆ. ಅವತ್ತು ರಾತ್ರಿ ಅಮ್ಮ ಫೋನ್ ಮಾಡಿ ಏನು ಊಟ ಅಂದಾಗ ಮೊಸರನ್ನ ಅಂದೆ. ಅಮ್ಮ ಬ್ಲಾಗ್ ಓದಲ್ಲ ಅನ್ನೋ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವತ್ತಿನಿಂದ ಒಂದು ಸಿಟ್ಟು ಶುರುವಾಯಿತು. ಇದು ನಮ್ಮೂರಿನ ಊಟ ಅಲ್ಲ ಅಂತ ತನಾಕಾ ಸಾನ್‌ಗೆ ಸಾಬೀತು ಮಾಡಲೇಬೇಕು. ಹಾಗಾಗಿ ಓದೋಕೆ ಕೂತೆ.

ಮೊದಲ ಏಟು ನನಗೇ ಬಿತ್ತು. 'ಕರಿ' ತಮಿಳಿನ ಪದ ಅಂತ ಕೇಳಿದ್ದೆ. ಆದರೆ ಇಂಗ್ಲಿಷರು ಇಂಡಿಯಾದಲ್ಲಿ ಬಳಸುತ್ತಿದ್ದ ಪದಗಳನ್ನೆಲ್ಲ ಸೇರಿಸಿದ ಹಾಬ್ಸನ್-ಜಾಬ್ಸನ್ ಅನ್ನೋ ಹಳೇ ಪದಕೋಶದಲ್ಲಿ ಇನ್ನೊಂದು ಮಾತಿದೆ. ಪೋರ್ಚುಗೀಸರು ಎತ್ತಿಕೊಂಡಿದ್ದು ಕನ್ನಡದ 'ಕರಿಲ್' ಅನ್ನೋ ರೂಪವನ್ನಂತೆ. ಗೋವಾದಲ್ಲಿ ಅದೇ ಬಳಕೆಯಲ್ಲಿತ್ತಂತೆ. ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ವಾದ ಮಾಡಲು ಹೊರಟವಳಿಗೆ ಇದು ಬೇಕಿತ್ತಾ? ಈ ವಿಷಯ ತನಾಕಾ ಸಾನ್‌ಗೆ ಬಹಳ ದಿನ ಹೇಳಲಿಲ್ಲ.

ಆದರೆ ಊಟ ಮಾತ್ರ ಜಪಾನಿಗೆ ನಮ್ಮಿಂದ ಹೋಗಿಲ್ಲ. ಹೋಗಿದ್ದು ಇಂಗ್ಲೆಂಡಿನಿಂದ. ಇಂಗ್ಲೆಂಡಿನ ಹನ್ನಾ ಗ್ಲಾಸ್ 1747ರ ತಮ್ಮ ಅಡುಗೆ ಪುಸ್ತಕದಲ್ಲೇ ಇಂಡಿಯಾದ ರೀತಿಯ ಕರಿ ಮಾಡೋದು ಹೇಗೆ ಅಂತ ಬರೆದಿದ್ದರು. ಬರುಬರುತ್ತಾ ಇಂಗ್ಲಿಷರು ನಮ್ಮ ನೂರೆಂಟು ಮಸಾಲೆಗಳನ್ನು ಒಂದೇ ಪುಡಿ ಮಾಡಿ ಡಬ್ಬಕ್ಕೆ ತುಂಬಿದರು. ಬೇಳೆ, ಕಾಯಿ ಹಾಕಿ ಮಂದ ಮಾಡೋ ಅಭ್ಯಾಸ ಅವರಿಗಿಲ್ಲ. ತಮ್ಮ ಸಾಸಿಗೆ ಮಾಡುವಂತೆ ಗೋಧಿಹಿಟ್ಟನ್ನು ಕೊಬ್ಬಿನಲ್ಲಿ ಹುರಿದು ಸೇರಿಸಿದರು. ಮಂದ ಗೊಜ್ಜಿನ ಗುಟ್ಟು ಇಷ್ಟೇ.

ಇಂಗ್ಲಿಷರ ಈ ಕರಿ ಬಂದಾಗ ಜಪಾನ್ ಆಗತಾನೇ ಹೊರಗಿನವರಿಗೆ ಬಾಗಿಲು ತೆರೆದಿತ್ತು. ಅಲ್ಲಿ ಕ್ರಿ.ಶ. 675ರಲ್ಲೇ ಒಬ್ಬ ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದು ಅಂತ ಆಜ್ಞೆ ಮಾಡಿದ್ದ. ಆಮೇಲೂ ಅಲ್ಲಲ್ಲಿ ಕದ್ದುಮುಚ್ಚಿ ತಿನ್ನುವವರು ಇದ್ದರು, ಆದರೆ ದನದ ಮಾಂಸ ಮರ್ಯಾದಸ್ತರ ಊಟ ಆಗಿರಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದರು ಅನ್ನೋದೇ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಬಂದ ಪಾಶ್ಚಾತ್ಯ ಅಡುಗೆಯ ಪುಸ್ತಕವೊಂದರಲ್ಲಿ ಕರಿ ಮಾಡುವ ವಿಧಾನ ಇದೆ. ಶುಂಠಿ, ಬೆಳ್ಳುಳ್ಳಿ, ಬೆಣ್ಣೆ, ಸೀಗಡಿ, ಕೋಳಿ... ಅದರ ಜೊತೆಗೆ ಕಪ್ಪೆ! ಇದನ್ನು ತನಾಕಾ ಸಾನ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, "ಇದು ನಮ್ಮದಲ್ಲ" ಅಂದರು. ಆಗ ಇಬ್ಬರೂ ಒಂದೇ ಪಕ್ಷ.

ಇನ್ನು ನೌಕಾಪಡೆಯ ಕಥೆ. ಇದು ನನ್ನನ್ನು ಹಿಡಿದು ಕೂರಿಸಿತು.

ಜಪಾನಿಗರಿಗೆ ಒಂದು ರೋಗ ಕಾಡುತ್ತಿತ್ತು. ಅವರು ಅದನ್ನು ಕಕ್ಕೆ ಅನ್ನುತ್ತಾರೆ. ನಮಗೆ ಕಕ್ಕೆ ಅಂದರೆ ಬೇಸಿಗೆಯಲ್ಲಿ ಹಳದಿ ಗೊಂಚಲು ಬಿಡುವ ಮರ. ಅವರ ಕಕ್ಕೆ ಅಂದರೆ ಬೆರಿಬೆರಿ. ಕಾಲು ಊದುತ್ತದೆ, ಜೋಮು ಹಿಡಿಯುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಹಳ್ಳಿಯಿಂದ ಎದೋ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೋಗೆ, ಬಂದ ಸಮುರಾಯ್‌ಗಳಿಗೆ ಇದು ಹಿಡಿಯುತ್ತಿತ್ತು. ಊರಿಗೆ ಹೋದರೆ ವಾಸಿಯಾಗುತ್ತಿತ್ತು. ಹಾಗಾಗಿ ಅದಕ್ಕೆ 'ಎದೋ ರೋಗ' ಅಂತಲೇ ಹೆಸರು. ಪಟ್ಟಣದಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿ. ಹಳ್ಳಿಯಲ್ಲಿ ತೌಡು ಹೋಗದ ಅಕ್ಕಿ, ಬಾರ್ಲಿ, ನವಣೆಯಂಥ ಧಾನ್ಯ. ಬಿ1 ಜೀವಸತ್ವ ಇರೋದು ಆ ತೌಡಿನಲ್ಲಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

1882ರ ಕೊನೆಗೆ ರ್ಯೂಜೋ ಅನ್ನೋ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ ಸುತ್ತಿ ಬರಲು ಹೊರಟಿತು. ಹಡಗಿನಲ್ಲಿ ಇದ್ದವರು 376 ಜನ. ಅವರಲ್ಲಿ 169 ಜನಕ್ಕೆ ಬೆರಿಬೆರಿ ಬಂತು. 25 ಜನ ಸತ್ತರು. ಲಂಡನ್ನಿನಲ್ಲಿ ಓದಿ ಬಂದಿದ್ದ ನೌಕಾಪಡೆಯ ವೈದ್ಯ ತಕಾಕಿ ಕನೆಹಿರೋ, ಇದು ಊಟದ ದೋಷ ಅಂತ ಹಠ ಹಿಡಿದರು. 1884ರಲ್ಲಿ ತ್ಸುಕುಬಾ ಅನ್ನೋ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳಿಸಲು ಒಪ್ಪಿಸಿದರು. ದಾರಿ ಅದೇ, ಊಟ ಮಾತ್ರ ಬೇರೆ. ಮಾಂಸ, ತರಕಾರಿ, ಬಾರ್ಲಿ, ಬ್ರೆಡ್ಡು ಜಾಸ್ತಿ, ಬಿಳಿ ಅನ್ನ ಕಡಿಮೆ. ಈ ಸಲ ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ತಕಾಕಿ ಹೇಳಿದ ಕಾರಣ ಸರಿಯಿರಲಿಲ್ಲ. ಪ್ರೋಟೀನ್ ಕಡಿಮೆಯಾಗಿ ಹೀಗಾಗುತ್ತೆ ಅಂದುಕೊಂಡಿದ್ದರು. ಮದ್ದು ಮಾತ್ರ ಸರಿಯಾಗಿತ್ತು. ಭೂಸೇನೆಯ ವೈದ್ಯರು ಒಪ್ಪದೆ ಬಿಳಿ ಅನ್ನವನ್ನೇ ಹಾಕುತ್ತಾ ಹೋದರು. 1904-05ರ ರಷ್ಯಾ ಯುದ್ಧದಲ್ಲಿ ಬೆರಿಬೆರಿಗೆ ಸತ್ತ ಜಪಾನಿ ಸೈನಿಕರೇ 20 ಸಾವಿರಕ್ಕೂ ಜಾಸ್ತಿ.

ಇಂಗ್ಲಿಷರ ನೌಕಾಪಡೆಯನ್ನು ನೋಡಿ ತನ್ನದನ್ನು ಕಟ್ಟಿಕೊಂಡ ಜಪಾನಿಗೆ, ಅವರ ಹಡಗಿನ ಕರಿಯೂ ಸಿಕ್ಕಿತು. ಮಾಂಸ, ತರಕಾರಿ, ಗೋಧಿಹಿಟ್ಟು ಎಲ್ಲ ಒಂದೇ ಪಾತ್ರೆಯಲ್ಲಿ. ಮೇಲಾಗಿ ಅನ್ನದ ಜೊತೆ ತಿನ್ನಬಹುದು. ಬ್ರೆಡ್ಡು ಕಂಡರೆ ಮುಖ ಸಿಂಡರಿಸುತ್ತಿದ್ದ ಹುಡುಗರಿಗೆ ಇನ್ನೇನು ಬೇಕು? 1908ರಲ್ಲಿ ನೌಕಾಪಡೆ ತನ್ನ ಅಡುಗೆಯವರಿಗಾಗಿ ತಂದ ಕೈಪಿಡಿಯಲ್ಲಿ ಇದರ ವಿಧಾನ ಇದೆ. ಬಾಣಲೆಗೆ ದನದ ಕೊಬ್ಬು ಹಾಕಿ, ಹಿಟ್ಟು ನರಿಯ ಬಣ್ಣಕ್ಕೆ ಬರುವ ತನಕ ಹುರಿದು, ಕರೇ ಪುಡಿ ಸೇರಿಸಬೇಕು. ಜಪಾನಿನಲ್ಲಿ ಹೊಂಬಣ್ಣಕ್ಕೆ ಹುರಿಯುವುದನ್ನು ನರಿಯ ಬಣ್ಣ ಅಂತಲೇ ಹೇಳುತ್ತಾರೆ. ನನ್ನ ಆರು ಶುಕ್ರವಾರಗಳನ್ನು ಕೆಡಿಸಿದ ಕೊಬ್ಬು ನೂರು ವರ್ಷದ ಹಿಂದೆಯೇ ಬಾಣಲೆಯಲ್ಲಿ ಕಾದಿತ್ತು. ಕೊನೆಯಲ್ಲಿ, ಬಡಿಸುವಾಗ ಪಕ್ಕದಲ್ಲಿ 'ಚಾತ್ಸುನೆ' ಇಡಬೇಕು ಅಂತಿದೆ. ಚಾತ್ಸುನೆ, ಚಾತ್ಸುನೆ ಅಂತ ಎರಡು ಸಲ ಬಾಯಲ್ಲಿ ಹೇಳಿದ ಮೇಲೆ ಹೊಳೆಯಿತು. ಚಟ್ನಿ!

ಊರಿಗೆ ಮರಳಿದ ಸೈನಿಕರು ಮನೆಯಲ್ಲೂ ಇದನ್ನು ಮಾಡಿಸಿದರು. 1963ರಲ್ಲಿ ಸೇಬು, ಜೇನುತುಪ್ಪ ಹಾಕಿದ ವರ್ಮಾಂಟ್ ಕರೇ ಗಟ್ಟಿ ಬಂತು, ಮಕ್ಕಳಿಗೂ ಹಿಡಿಸಿತು. 1968ರಲ್ಲಿ ಚೀಲ ಬಿಸಿನೀರಿಗೆ ಹಾಕಿ ಕತ್ತರಿಸಿ ತಿನ್ನುವ ಬಾನ್ ಕರೇ ಬಂತು. ಅಲ್ಲಿಗೆ ಕರೇ ಪೂರ್ತಿ ಮನೆ ಊಟ. ಜಪಾನಿನ ನೌಕಾಪಡೆಯಲ್ಲಿ ಇವತ್ತಿಗೂ ಶುಕ್ರವಾರ ಅಂದರೆ ಕರೇ. ಸಮುದ್ರದ ನಡುವೆ ವಾರ ಯಾವುದು ಅಂತ ಮರೆಯಬಾರದಲ್ಲ.

ಈ ಹೊತ್ತಿಗೆ ಅಮ್ಮ ಮೂರು ವಾರಕ್ಕೆ ಅಂತ ಬಂದರು. ಸೂಟ್‌ಕೇಸಿನಲ್ಲಿ ನಾಲ್ಕು ಕೆಜಿ ರಾಗಿಹಿಟ್ಟು. ತ್ಸುಕುಬಾ ಹಡಗಿನ ಕಥೆಯನ್ನು ಬೆರಗಿನಿಂದ ಅವರಿಗೆ ಹೇಳಿದೆ. ಅಮ್ಮ ಮುದ್ದೆ ತಿರುವುತ್ತಾ ಕೇಳಿಸಿಕೊಂಡು, "ಅದಕ್ಕೆ ಅಷ್ಟೊಂದು ಹಡಗು ಯಾಕೆ ಕಣೇ? ಎರಡು ಮುದ್ದೆ ಹಾಕಿದ್ರೆ ಆಗ್ತಿತ್ತು" ಅಂದರು. ರಾಗಿಯಲ್ಲಿ ಬಿ1 ಇದೆ. ವಾದ ಮಾಡೋಕೆ ಜಾಗವೇ ಇರಲಿಲ್ಲ.

ಒಂದು ಶನಿವಾರ ಅಮ್ಮನನ್ನು ಯೋಕೋಸುಕಾಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಅರ್ಧ ಗಂಟೆ. ನೌಕಾಪಡೆಯ ಊರು. 1999ರಲ್ಲಿ ತನ್ನನ್ನು ತಾನೇ ಕರೇ ಊರು ಅಂತ ಘೋಷಿಸಿಕೊಂಡಿದೆ. ಅಂಗಡಿಗಳ ಮುಂದೆಲ್ಲ ಕರೇ ಚಿತ್ರಗಳು. ಇಲ್ಲಿನ ನೌಕಾಪಡೆ ಕರೇಗೆ ನಿಯಮ ಇದೆ. 1908ರ ಕೈಪಿಡಿಯಂತೆ ಮಾಡಬೇಕು, ಜೊತೆಗೆ ಸಲಾಡ್ ಮತ್ತು ಒಂದು ಲೋಟ ಹಾಲು ಕೊಡಬೇಕು.

"ಅನ್ನ ಗೊಜ್ಜಿನ ಜೊತೆ ಹಾಲಾ?" ಅಮ್ಮನಿಗೆ ದನದ ಮಾಂಸಕ್ಕಿಂತ ಅದೇ ದೊಡ್ಡ ಆಘಾತ. "ಹೊಟ್ಟೆ ಕೆಡಲ್ವಾ ಇವರಿಗೆ?"

ಕರೇ ಊರಿಗೆ ಹೋಗಿ ನಾವು ತಿಂದಿದ್ದು ಚಿತ್ರಾನ್ನ. ಸಮುದ್ರದ ದಡದಲ್ಲಿ ಮಿಕಾಸಾ ಅನ್ನೋ ಹಳೇ ಯುದ್ಧನೌಕೆ ನಿಲ್ಲಿಸಿದ್ದಾರೆ, ರಷ್ಯಾ ಯುದ್ಧದಲ್ಲಿ ಅಡ್ಮಿರಲ್ ತೋಗೋ ಇದ್ದ ಹಡಗು. ಅದರ ಮುಂದಿನ ಪಾರ್ಕಿನ ಬೆಂಚಿನ ಮೇಲೆ ಕೂತು ಸ್ಟೀಲ್ ಡಬ್ಬಿ ತೆರೆದೆವು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅಮ್ಮ ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡೇ ತಿಂದರು. ಪಕ್ಕದ ಬೆಂಚಿನಲ್ಲಿದ್ದ ಅಜ್ಜಿ ಹಳದಿ ಅನ್ನ ನೋಡಿ, "ಕರೇ?" ಅಂತ ಕೇಳಿದರು. ಅಮ್ಮ ನನ್ನ ಕಡೆ ತಿರುಗಿ, "ಹೂಂ ಅನ್ನು, ಪಾಪ" ಅಂದರು.

ಇನ್ನೊಂದು ದಿನ ಟೋಕಿಯೋದ ಶಿಂಜುಕುಗೆ ಹೋದೆವು, ನಕಮುರಾಯಾ ನೋಡೋಕೆ. ಇದು ಮೊದಲು ಬೇಕರಿ. 1912ರಲ್ಲಿ ದೆಹಲಿಯಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಬಿತ್ತಲ್ಲ, ಆ ಸಂಚಿನ ಹಿಂದಿದ್ದ ರಾಸ್ ಬಿಹಾರಿ ಬೋಸ್ 1915ರಲ್ಲಿ ತಪ್ಪಿಸಿಕೊಂಡು ಜಪಾನಿಗೆ ಬಂದರು. ಹಿಡಿದು ಕೊಡಿ ಅಂತ ಇಂಗ್ಲಿಷರ ಒತ್ತಡ. ಆಗ ಅವರನ್ನು ಬಚ್ಚಿಟ್ಟವರು ಈ ಬೇಕರಿಯ ಸೋಮಾ ದಂಪತಿ. 1918ರಲ್ಲಿ ಅವರ ಮಗಳು ತೋಶಿಕೋ ಜೊತೆ ಬೋಸ್ ಮದುವೆ ಆಯಿತು. ತೋಶಿಕೋ 1925ರಲ್ಲೇ ತೀರಿಕೊಂಡರು. ಎರಡು ವರ್ಷದ ನಂತರ ಬೇಕರಿಯವರು ಹೋಟೆಲ್ ತೆರೆದಾಗ ಬೋಸ್ ಅಲ್ಲಿ ಇಂಡಿಯಾದ ಕರಿ ಮಾಡಿಸಿದರು. ಹಿಟ್ಟಿನ ಗೊಜ್ಜಲ್ಲ, ಮೂಳೆಯಿರುವ ಕೋಳಿ, ಬಿಡಿ ಮಸಾಲೆ. ಬೇರೆ ಕಡೆ ಕರೇ ರೈಸು 10-12 ಸೆನ್ ಇದ್ದಾಗ ಇಲ್ಲಿ 80 ಸೆನ್. ಆದರೂ ಜನ ಬಂದರು. ಇವತ್ತಿಗೂ ಅದನ್ನು 'ಪ್ರೀತಿ ಮತ್ತು ಕ್ರಾಂತಿಯ ರುಚಿ' ಅನ್ನುತ್ತಾರೆ.

ದೇಶ ಬಿಡಿಸೋಕೆ ಆಗಲಿಲ್ಲ, ಕರಿಯನ್ನಾದರೂ ಇಂಗ್ಲಿಷರ ಕೈಯಿಂದ ಬಿಡಿಸೋಣ ಅಂತ ಬೋಸ್‌ಗೆ ಅನಿಸಿತ್ತೋ ಏನೋ. ನನ್ನ ಸಿಟ್ಟಿಗೆ ಒಬ್ಬ ಹಿರಿಯರು ಸಿಕ್ಕಂತಾಯಿತು. ಆದರೆ ಅಮ್ಮ ಕೇಳಿದ್ದೇ ಬೇರೆ. "ಮಗಳು ಹೋದ ಮೇಲೂ ಅಳಿಯನ್ನ ಮನೆಯವನಾಗಿಯೇ ನೋಡಿಕೊಂಡರಾ?" ಹೌದು ಅಂದೆ. ಅಮ್ಮ ಸ್ವಲ್ಪ ಹೊತ್ತು ಆ ಕಟ್ಟಡವನ್ನೇ ನೋಡುತ್ತಾ ನಿಂತರು.

ಕೆಂಪು ಉಪ್ಪಿನಕಾಯಿಯ ಹೆಸರು ಹೇಳಿಲ್ಲ ಅಲ್ವಾ? ಫುಕುಜಿನ್‌ಜುಕೆ. ಚಾತ್ಸುನೆ ಇದ್ದ ಜಾಗಕ್ಕೆ ಬಂದು ಕೂತದ್ದು. ಮೂಲಂಗಿ, ಬದನೆ, ತಾವರೆ ಬೇರು ಹೀಗೆ ಏಳು ತರಕಾರಿ ಸೇರಿಸಿ ಉಯೆನೋದ ಅಂಗಡಿಯೊಂದು ಮೇಜಿ ಕಾಲದಲ್ಲಿ ಮಾಡಿದ್ದು. ಏಳು ಅದೃಷ್ಟ ದೇವತೆಗಳ ಹೆಸರು ಇದಕ್ಕೆ. ಆ ಏಳರಲ್ಲಿ ಮೂವರು ನಮ್ಮ ಕಡೆಯವರು. ಬಿಶಾಮೊಂತೆನ್ ಅಂದರೆ ವೈಶ್ರವಣ, ನಮ್ಮ ಕುಬೇರ. ದಾಯ್ಕೊಕುತೆನ್ ಅಂದರೆ ಮಹಾಕಾಳ. ಬೆಂಜಾಯ್ತೆನ್ ಅಂದರೆ ಸರಸ್ವತಿ. ಕೈಯಲ್ಲಿ ವೀಣೆಯ ಬದಲು ಬಿವಾ ಅನ್ನೋ ವಾದ್ಯ, ಅಷ್ಟೇ. ಉಯೆನೋದ ಕೆರೆಯ ನಡುವೆ ಅವಳ ಗುಡಿಯೇ ಇದೆ. ಅಮ್ಮ ಅಂಗಡಿಯಲ್ಲಿ ಉಪ್ಪಿನಕಾಯಿ ಪೊಟ್ಟಣ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ "ಇದರಲ್ಲಿ ಮೀನು ಗೀನು ಇಲ್ಲ ತಾನೇ?" ಅಂದರು. ಡಬ್ಬದ ಅನುಭವ ಇದ್ದ ನಾನು ಮೊಬೈಲ್ ತೆಗೆದೆ. ಮೀನಿನ ರಸ ಇತ್ತು. ಸರಸ್ವತಿಯನ್ನು ಮೆತ್ತಗೆ ವಾಪಸ್ ಇಟ್ಟೆವು.

ಹೊರಡುವ ಮುಂಚಿನ ಭಾನುವಾರ ಅಮ್ಮನೇ ಹೇಳಿದರು, "ನಿಮ್ಮ ಆ ತನಾಕಾನ ಊಟಕ್ಕೆ ಕರಿ. ಆ ಕಂದು ಗೊಜ್ಜು ನಾನೇ ಮಾಡ್ತೀನಿ."

ಗಟ್ಟಿ ಬೇಡ, ಬರೀ ಮಸಾಲೆ ಪುಡಿಯ ಕೆಂಪು ಡಬ್ಬ ಸಿಗುತ್ತೆ, ಅದರಲ್ಲಿ ಕೊಬ್ಬು ಇರಲ್ಲ. ಅದನ್ನು ತಂದೆ. ಅಮ್ಮ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿದರು. ಸಣ್ಣ ಉರಿ. ಹಿಟ್ಟು ಮೊದಲು ಒದ್ದೆ ಮರಳಿನ ಹಾಗೆ ಗಂಟು ಗಂಟಾಯಿತು. ಸೌಟಿನ ಬೆನ್ನಲ್ಲಿ ಒತ್ತಿ ಒತ್ತಿ ತಿರುವಿದರು. ಹತ್ತು ನಿಮಿಷಕ್ಕೆ ಸಡಿಲಾಗಿ, ನೊರೆ ಬಂದು, ಬಿಸ್ಕತ್ತಿನ ವಾಸನೆ ಬಂತು. ಬಣ್ಣ ಕೆನೆಯಿಂದ ಹೊಂಬಣ್ಣಕ್ಕೆ ತಿರುಗಿತು. "ನರಿ ಬಣ್ಣ ಅಮ್ಮ, ಇಳಿಸು" ಅಂದೆ. "ನರಿನೂ ಇಲ್ಲ ಗಿರಿನೂ ಇಲ್ಲ. ಮೈಸೂರು ಪಾಕಿಗೆ ಕಡಲೆಹಿಟ್ಟು ಹುರಿಯೋ ಹದ. ಇನ್ನೊಂದು ನಿಮಿಷ." ಉರಿ ಆರಿಸಿ ಪುಡಿ ಹಾಕಿದರು. ಬೇರೆ ಪಾತ್ರೆಯಲ್ಲಿ ಈರುಳ್ಳಿ, ಕ್ಯಾರೆಟ್ಟು, ಆಲೂಗಡ್ಡೆ ಬೇಯುತ್ತಿತ್ತು. ಆ ನೀರನ್ನು ಸೌಟು ಸೌಟಾಗಿ ಹಿಟ್ಟಿಗೆ ಬೆರೆಸಿದರು. ತುರಿದ ಸೇಬು ಅರ್ಧ. ಜೇನುತುಪ್ಪ ಇರಲಿಲ್ಲ, ಬೆಲ್ಲ ಹಾಕಿದರು. ಹುಣಿಸೆಹಣ್ಣಿನ ಕಡೆ ಕೈ ಹೋಗಿತ್ತು, ನಾನು ತಡೆದೆ.

ತನಾಕಾ ಸಾನ್ ಬಂದರು. ಒಂದು ಒಲೆಯಲ್ಲಿ ಕರೇ, ಇನ್ನೊಂದರಲ್ಲಿ ನಾನು ಮಾಡಿದ ನುಗ್ಗೆಕಾಯಿ ಹುಳಿ. ನುಗ್ಗೆಕಾಯಿ ಸಿಗೋಕೆ ನಾನು ಪಟ್ಟ ಪಾಡು ಬೇರೆ ಕಥೆ. ನನ್ನ ಯೋಚನೆ ಸ್ಪಷ್ಟ ಇತ್ತು. ಹುಳಿ ತಿನ್ನಿಸಿ, ನಿಜವಾಗಿ ನಮ್ಮೂರಿನ ಊಟ ಇದು ಅಂತ ಹೇಳುವುದು. ಅವರು ಹುಳಿಯನ್ನು ಬಟ್ಟಲಲ್ಲಿ ಎತ್ತಿ ಕುಡಿದು, "ಒಳ್ಳೇ ಸೂಪು" ಅಂದರು. ನುಗ್ಗೆಕಾಯಿಯನ್ನು ಸಿಪ್ಪೆ ಸಮೇತ ಅಗಿದರು. ಆಮೇಲೆ ಕರೇ ಬಾಯಿಗಿಟ್ಟು ಒಂದು ಕ್ಷಣ ಸುಮ್ಮನಾದರು. ಚಿಕ್ಕವರಿದ್ದಾಗ ಅವರ ಅಮ್ಮ ಮಾಡುತ್ತಿದ್ದದ್ದು ಹೀಗೇ ಇತ್ತಂತೆ. ಗಟ್ಟಿಯಲ್ಲಿ ಅಲ್ಲ, ಹಿಟ್ಟು ಹುರಿದು. ಎರಡನೇ ಸಲ ಬಡಿಸಿಕೊಂಡರು. ಮಿಕ್ಕಿದ್ದನ್ನು ಡಬ್ಬಿಯಲ್ಲಿ ಹಾಕಿಕೊಡಿ ಅಂದರು, ಕರೇ ಮರುದಿನ ಇನ್ನೂ ರುಚಿಯಂತೆ. ಅಮ್ಮನಿಗೆ ಅದನ್ನು ಅನುವಾದ ಮಾಡಿ ಹೇಳಿದಾಗ ಖುಷಿಯೋ ಖುಷಿ. "ನೋಡು, ತಂಗಳು ಸಾರಿನ ರುಚಿ ಗೊತ್ತಿರೋ ಜನ!"

'ಕರಿಲ್' ವಿಷಯವನ್ನೂ ಅವತ್ತೇ ಹೇಳಿಬಿಟ್ಟೆ. ತನಾಕಾ ಸಾನ್ ಗೆದ್ದವರ ಹಾಗೆ ನಗಲಿಲ್ಲ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ನೋಡಿಕೊಳ್ಳುತ್ತಿದ್ದರು.

ನಾನು ಬೆಂಗಳೂರಿಗೆ ವಾಪಸ್ ಬಂದು ಈಗ ಒಂದು ವರ್ಷ. ಕಳೆದ ತಿಂಗಳು ಅರಸೀಕೆರೆಗೆ ಹೋದಾಗ ಎದುರು ಮನೆ ಅತ್ತೆ ಬಂದು, "ನಿಮ್ಮಮ್ಮ ಮಾಡೋ ಜಪಾನ್ ಸಾಗು ನಂಗೂ ಹೇಳಿಕೊಡೇ" ಅಂದರು. ಒಳಗೆ ಹೋಗಿ ನೋಡಿದರೆ ಒಲೆಯ ಮೇಲೆ ಅದೇ ಕಂದು ಗೊಜ್ಜು. ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ. ಕಾಯಿ ತುರಿಯೂ ಬಿದ್ದಿತ್ತು. ಪಕ್ಕದಲ್ಲಿ ಪೂರಿ ಉಬ್ಬುತ್ತಿತ್ತು. ಕೆಂಪು ಡಬ್ಬದ ಪುಡಿ ಯಾವಾಗಲೋ ಮುಗಿದಿದೆ, ಈಗ ಅದರೊಳಗೆ ಮನೆಯ ಹುಳಿಪುಡಿ.

ಫೋಟೋ ತೆಗೆದು ತನಾಕಾ ಸಾನ್‌ಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. "ಚೆನ್ನಾಗಿದೆ. ಇದು ಯಾವ ದೇಶದ ಊಟ?"